ಬೀದರ್-ಕಲಬುರಗಿ: ದಾರ ಹಿಡಿದು ಅಳೆದ ದೂರ

ತಂಗಿಯ ಮಗ ಕಲಬುರಗಿಯಿಂದ ಬಂದಿದ್ದ. ಇಂಜಿನಿಯರಿಂಗ್ ಓದುವ ಹುಡುಗ. ಮೆಹದಿಪಟ್ಟಣಂನ ನಮ್ಮ ಮನೆಗೆ ಬಂದರೆ ಎರಡು ದಿನ ಇದ್ದು, ಬಿರಿಯಾನಿ ತಿಂದು ಹೋಗುವುದು ಅವನ ಪದ್ಧತಿ. (ವೆಜ್ ಬಿರಿಯಾನಿಯೇ, ಅವರವ್ವ ಇದನ್ನ ಓದ್ತಾಳೆ!) ಊಟಕ್ಕೆ ಕೂತಾಗ ಕೇಳಿದ:

"ಮಾಮಾ, ಬೀದರಿನ್ಯಾಗೂ ಏರ್‌ಪೋರ್ಟ್ ಅದ, ನಮ್ಮ ಕಲಬುರಗಿನ್ಯಾಗೂ ಅದ. ಒಂದರಿಂದ ಇನ್ನೊಂದಕ್ಕ ವಿಮಾನದಾಗ ಹೋದ್ರ ಎಷ್ಟ್ ಹೊತ್ತ ಹಿಡೀತದ?"

"ವಿಮಾನನೇ ಇಲ್ಲಲ್ಲೋ, ಹೆಂಗ ಹೋಗ್ತಿ?" ಅಂದೆ.

"ಇದ್ರ ಅಂತ ಕೇಳ್ದೆ."

ಹುಡುಗ ಕೈತೊಳೆದು ಮೊಬೈಲ್ ಹಿಡಿದು ಆ ಮಾತು ಮರೆತೇಬಿಟ್ಟ. ನನಗೆ ಮಾತ್ರ ಬಿಡಲಿಲ್ಲ. ಮೂವತ್ತು ವರ್ಷ ಬ್ಯಾಂಕಿನಲ್ಲಿ ಲೆಕ್ಕ ಟ್ಯಾಲಿ ಮಾಡಿದವನ ಹಣೆಬರಹವೇ ಇಷ್ಟು, ಒಂದು ಅಂಕಿ ತಲೆಯೊಳಗೆ ಹೊಕ್ಕರೆ ಅದರ ಜೋಡಿ ಸಿಗುವ ತನಕ ನಿದ್ದೆ ಇಲ್ಲ. ಮಗಳ ಹಳೇ ಅಟ್ಲಾಸ್ ಕಪಾಟಿನಲ್ಲಿತ್ತು. ಹೆಂಡತಿಯ ಹೊಲಿಗೆ ಡಬ್ಬಿಯಿಂದ ಒಂದು ಗೇಣು ದಾರ ತಂದೆ. ದಾರದಲ್ಲಿ ಅಳೆದದ್ದನ್ನು ಆಮೇಲೆ ಅಕ್ಷಾಂಶ ರೇಖಾಂಶ ಹಿಡಿದು ಕ್ಯಾಲ್ಕುಲೇಟರಿನಲ್ಲೂ ತಾಳೆ ನೋಡಿದೆ. ಬೀದರಿನ ರನ್‌ವೇಯಿಂದ ಕಲಬುರಗಿಯ ರನ್‌ವೇಗೆ ನೇರ ಗೆರೆ ಎಳೆದರೆ ಸುಮಾರು 87 ಕಿಲೋಮೀಟರ್. ಹುಮನಾಬಾದ್ ಮೇಲೆ ರಸ್ತೆಯಲ್ಲಿ ಹೋದರೆ 110 ಚಿಲ್ಲರೆ. ರೈಲಿನ ಹಳಿ 110.

ಹೊತ್ತಿನ ಲೆಕ್ಕ ಅಷ್ಟು ಸಲೀಸಲ್ಲ. ಸಣ್ಣ ಊರುಗಳಿಗೆ ಬರುವ ಎಟಿಆರ್ ವಿಮಾನ, ಅದೇ ಎರಡು ಪಂಖದ್ದು, ಗಂಟೆಗೆ ಸುಮಾರು 500 ಕಿಮೀ ಹಾರುತ್ತದೆ. ಆ ಲೆಕ್ಕಕ್ಕೆ 87 ಕಿಮೀ ಅಂದರೆ ಹತ್ತೇ ನಿಮಿಷ! ಆದರೆ ವಿಮಾನ ಆಟೋ ಅಲ್ಲ. ರನ್‌ವೇ ತುದಿಗೆ ಹೋಗಬೇಕು, ಏರಬೇಕು, ಏರುವಷ್ಟರಲ್ಲೇ ಇಳಿಯುವ ತಯಾರಿ ಶುರುವಾಗಬೇಕು, ಗಾಳಿ ಯಾವ ಕಡೆಯಿಂದ ಬೀಸುತ್ತಿದೆಯೋ ಅದಕ್ಕೆ ಎದುರಾಗಿ ಇಳಿಯಲು ಸುತ್ತು ಹೊಡೆಯಬೇಕು. ಪೂರ್ತಿ ವೇಗಕ್ಕೆ ಬರುವ ಮೊದಲೇ ಊರು ಬಂದಿರುತ್ತದೆ. ಹಾಗಾಗಿ ಬಾಗಿಲು ಹಾಕಿದಲ್ಲಿಂದ ಬಾಗಿಲು ತೆಗೆಯುವವರೆಗೆ ಅರ್ಧ ಗಂಟೆ ಅಂತಿಟ್ಟುಕೊಳ್ಳಿ. ಇಂಥ ಸಣ್ಣ ಹಾರಾಟದಲ್ಲಿ ಎಣ್ಣೆ ಸುಡುವುದು ಹೆಚ್ಚು, ದುಡ್ಡು ಹುಟ್ಟುವುದು ಕಡಿಮೆ. ಸ್ಕಾಟ್ಲೆಂಡಿನ ಆರ್ಕ್ನಿ ದ್ವೀಪಗಳಲ್ಲಿ ವೆಸ್ಟ್ರೇ ಮತ್ತು ಪಾಪಾ ವೆಸ್ಟ್ರೇ ನಡುವೆ 1967ರಿಂದ ಒಂದು ವಿಮಾನ ಓಡುತ್ತದೆ, ದೂರ 2.7 ಕಿಮೀ, ವೇಳಾಪಟ್ಟಿಯ ಪ್ರಕಾರ ಎರಡು ನಿಮಿಷ. ಜಗತ್ತಿನಲ್ಲೇ ಅತಿ ಚಿಕ್ಕ ಹಾರಾಟ. ಆದರೆ ಅಲ್ಲಿ ನಡುವೆ ಸಮುದ್ರ ಇದೆ. ನಮ್ಮಲ್ಲಿ ಬೀದರ್-ಕಲಬುರಗಿ ನಡುವೆ ಇರುವುದು ಹುಮನಾಬಾದ್ ಮತ್ತು ಕಮಲಾಪುರದ ಕೆಂಪು ಬಾಳೆಹಣ್ಣು. ಇಳಿದು ಒಂದು ಡಜನ್ ಕಟ್ಟಿಸಿಕೊಂಡು ಹೋಗುವುದೇ ಚೆಂದ.

ಇಷ್ಟಕ್ಕೇ ದಾರ ಸುತ್ತಿ ಇಡಬಹುದಿತ್ತು. ಇಡಲಿಲ್ಲ. ದಾರದ ಒಂದು ತುದಿಯನ್ನು ನಮ್ಮ ಹೈದರಾಬಾದಿನ ಶಂಷಾಬಾದ್ ವಿಮಾನ ನಿಲ್ದಾಣದ ಮೇಲೆ ಒತ್ತಿ ಹಿಡಿದು ಮತ್ತೆ ಅಳೆದೆ. ಬೀದರ್‌ಗೆ 124 ಕಿಮೀ. ಕಲಬುರಗಿಗೆ 157. ಇನ್ನೊಂದು ದಿಕ್ಕಿಗೆ, ವರಂಗಲ್ಲಿನ ಮಾಮ್ನೂರು ಹಳೇ ವಿಮಾನ ನಿಲ್ದಾಣಕ್ಕೆ 145. ಈ ಮೂರು ಅಂಕಿಗಳ ನಡುವೆ 150 ಎಂಬ ಒಂದು ಅಂಕಿ ಇದೆ. ನಮ್ಮ ಭಾಗದ ಹತ್ತು ಹನ್ನೆರಡು ವರ್ಷದ ವಿಮಾನದ ಇತಿಹಾಸ ಆ 150ರ ಒಳಗೆ ಯಾರಿದ್ದರು, ಹೊರಗೆ ಯಾರಿದ್ದರು ಎನ್ನುವುದರ ಮೇಲೆ ನಿಂತಿತ್ತು. ಅದನ್ನು ಹೇಳಬೇಕೆಂದರೆ ಸ್ವಲ್ಪ ಹಿಂದಿನಿಂದ ಬರಬೇಕು.

1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಅಹಮದಾಬಾದ್ ಮಾರ್ಗವಾಗಿ ಮುಂಬಯಿಗೆ ಟಪಾಲು ಹೊತ್ತು ಹಾರಿದ ಕಥೆ ಎಲ್ಲರಿಗೂ ಗೊತ್ತು. ಮುಂಬಯಿಯಲ್ಲಿ ಆ ಟಪಾಲನ್ನು ತೆಗೆದುಕೊಂಡು ಮದ್ರಾಸಿಗೆ ಹೋದವನು ಅವರ ಜೊತೆಗಾರ ನೆವಿಲ್ ವಿಂಟ್ಸೆಂಟ್. ಅವನು ನಡುವೆ ಇಳಿದದ್ದು ಎಲ್ಲಿ ಗೊತ್ತೇ? ನಮ್ಮ ಬಳ್ಳಾರಿಯಲ್ಲಿ! ಕತ್ತಲಲ್ಲಿ ಹಾರುವ ಸೌಕರ್ಯ ಆಗ ಇರಲಿಲ್ಲ, ರಾತ್ರಿ ಬಳ್ಳಾರಿಯಲ್ಲಿ ತಂಗಿ ಮರುದಿನ ಮದ್ರಾಸ್ ಮುಟ್ಟಿದ. ಅಂದರೆ ಭಾರತದ ಮೊಟ್ಟಮೊದಲ ದೇಶೀ ವಿಮಾನ ಮಾರ್ಗದಲ್ಲಿ ಒಂದು ಕನ್ನಡದ ಊರು ನಿಲುಗಡೆಯಾಗಿತ್ತು. ಆದರೆ ಅದು ಬಹಳ ವರ್ಷ ಉಳಿಯಲಿಲ್ಲ. ಆ ದಶಕ ಮುಗಿಯುವ ಮೊದಲೇ ಟಾಟಾ ವಿಮಾನಗಳು ಬಳ್ಳಾರಿ ಬಿಟ್ಟು ಹೈದರಾಬಾದ್ ಮೇಲೆ ಮದ್ರಾಸಿಗೆ ಹೋಗತೊಡಗಿದವು. ವಿಮಾನದ ವಿಷಯದಲ್ಲಿ ಹೈದರಾಬಾದ್ ನಮ್ಮ ಪಾಲನ್ನು ತೆಗೆದುಕೊಂಡದ್ದು ಆಗಿನಿಂದಲೇ ಅಂತ ನಾನು ತಮಾಷೆ ಮಾಡುವುದುಂಟು.

ಅದೇ 1932ರ ಜೂನ್‌ನಲ್ಲಿ ನಿಜಾಮರ ರೈಲ್ವೆ 27 ಬಸ್ಸುಗಳನ್ನು ಇಟ್ಟುಕೊಂಡು ರಸ್ತೆ ಸಾರಿಗೆಯನ್ನೂ ಶುರು ಮಾಡಿತ್ತು. ಈಗಿನ ಆರ್‌ಟಿಸಿ ಬಸ್ಸುಗಳ ಮೂಲ ಅದು. ಬೇಗಂಪೇಟೆಯಲ್ಲಿ ವಿಮಾನ ನಿಲ್ದಾಣ ಹುಟ್ಟಿದ್ದೂ ಆ ದಶಕದಲ್ಲೇ, 1937ಕ್ಕೆ ಅಲ್ಲೊಂದು ಟರ್ಮಿನಲ್ ಕಟ್ಟಡ ಆಯಿತು. 1945ರಲ್ಲಿ ನಿಜಾಮರ ರೈಲ್ವೆ ಮತ್ತು ಟಾಟಾ ಪಾಲುದಾರಿಕೆಯಲ್ಲಿ ಡೆಕ್ಕನ್ ಏರ್‌ವೇಸ್ ಶುರುವಾಯಿತು. ರೈಲು, ಬಸ್ಸು, ವಿಮಾನ, ಮೂರರಲ್ಲೂ ಒಂದೇ ರೈಲ್ವೆ ಇಲಾಖೆಯ ಕೈ! ಈ ಡೆಕ್ಕನ್ ಏರ್‌ವೇಸ್ 1953ರಲ್ಲಿ ರಾಷ್ಟ್ರೀಕರಣವಾದಾಗ ಇಂಡಿಯನ್ ಏರ್‌ಲೈನ್ಸಿನೊಳಗೆ ಕರಗಿಹೋಯಿತು.

ಬೀದರ್ ಮತ್ತು ವರಂಗಲ್ಲಿನ ಹವಾಯಿ ಅಡ್ಡಾಗಳೂ (ನಮ್ಮಪ್ಪ ಕೊನೆಯವರೆಗೂ ಹಾಗೆಯೇ ಅನ್ನುತ್ತಿದ್ದರು) ನಿಜಾಮರ ಕಾಲದವೇ. ಇವೆರಡರ ಹೆಸರು ಒಟ್ಟಿಗೆ ಇತಿಹಾಸದಲ್ಲಿ ಬರುವುದು 1948ರಲ್ಲಿ. ಭಾರತ ಹೈದರಾಬಾದ್ ಸಂಸ್ಥಾನದ ಸುತ್ತ ನಾಕಾಬಂದಿ ಹಾಕಿದ್ದ ಕಾಲ. ಸಿಡ್ನಿ ಕಾಟನ್ ಎಂಬ ಆಸ್ಟ್ರೇಲಿಯಾದ ಪೈಲಟ್ ಲ್ಯಾಂಕಾಸ್ಟ್ರಿಯನ್ ಎಂಬ ದೊಡ್ಡ ವಿಮಾನಗಳಲ್ಲಿ ಕರಾಚಿಯಿಂದ ರಾತ್ರೋರಾತ್ರಿ ಬಂದೂಕು ಮದ್ದುಗುಂಡು ತಂದು ಇಳಿಸುತ್ತಿದ್ದ, ಇಳಿಯುತ್ತಿದ್ದದ್ದು ಬೀದರ್ ಮತ್ತು ವರಂಗಲ್ಲಿನಲ್ಲಿ. ಕರಾಚಿಯಿಂದ ಬೀದರ್‌ಗೆ ನೇರ ಗೆರೆಯಲ್ಲಿ 1,300 ಕಿಮೀ ಮೇಲಾಗುತ್ತದೆ, ಆ ಕಾಲದ ವಿಮಾನಕ್ಕೆ ನಾಲ್ಕು ಗಂಟೆಯ ಆಸುಪಾಸಿನ ಹಾದಿ. ಆ ವರ್ಷ ಸೆಪ್ಟೆಂಬರ್ 13ಕ್ಕೆ ಭಾರತದ ಸೈನ್ಯ ಒಳಗೆ ಬಂದಾಗ ವಾಯುಪಡೆಯ ಟೆಂಪೆಸ್ಟ್ ವಿಮಾನಗಳು ಬಾಂಬು ಹಾಕಿದ್ದು ಇದೇ ಬೀದರ್, ವರಂಗಲ್ ಅಡ್ಡಾಗಳ ಮೇಲೆ. ಐದು ದಿನದಲ್ಲಿ ಎಲ್ಲ ಮುಗಿಯಿತು.

ಅಪ್ಪ ಆಗ ಹತ್ತು ವರ್ಷದ ಹುಡುಗ. ಬೀದರ್ ಹತ್ತಿರದ ಹಳ್ಳಿ. ರಾತ್ರಿ ಆಕಾಶದಲ್ಲಿ ಗುಡುಗಿನಂಥ ಸದ್ದು ಬಂದರೆ ಅಜ್ಜಿ ಮಕ್ಕಳನ್ನೆಲ್ಲ ಒಳಗೆ ಕರೆದು ಕಂದೀಲು ಆರಿಸುತ್ತಿದ್ದಳಂತೆ. ಯಾವ ವಿಮಾನ, ಯಾರದ್ದು, ಏನು ತಂದಿದೆ, ಯಾವುದೂ ಇವರಿಗೆ ಗೊತ್ತಿಲ್ಲ. ನಮ್ಮೂರಿನವರಿಗೂ ವಿಮಾನಕ್ಕೂ ಇದ್ದ ಸಂಬಂಧ ಮುಂದೆ ಬಹಳ ವರ್ಷ ಹೀಗೆಯೇ ಇತ್ತು, ಸದ್ದು ನಮ್ಮದು, ಸೀಟು ಬೇರೆಯವರದ್ದು.

1956ರ ನವೆಂಬರ್ 1ಕ್ಕೆ ಹೈದರಾಬಾದ್ ರಾಜ್ಯ ಮೂರು ಪಾಲಾಯಿತು. ಬೀದರ್, ಕಲಬುರಗಿ, ರಾಯಚೂರು ಆಗಿನ ಮೈಸೂರು ರಾಜ್ಯಕ್ಕೆ ಸೇರಿದವು. ಬೀದರ್ ಜಿಲ್ಲೆಯೇ ಹರಿದು ಹಂಚಿಹೋಯಿತು, ಜಹೀರಾಬಾದ್ ನಾರಾಯಣಖೇಡ ಆಂಧ್ರಕ್ಕೆ, ಉದಗೀರ್ ಕಡೆಯದು ಕೊನೆಗೆ ಮಹಾರಾಷ್ಟ್ರಕ್ಕೆ. ಈಗ ಬೀದರ್‌ನಿಂದ ಹೈದರಾಬಾದ್‌ಗೆ ಬರುವಾಗ ಚಹಾಕ್ಕೆ ನಿಲ್ಲಿಸುತ್ತೀವಲ್ಲ ಜಹೀರಾಬಾದ್, ಅದು ಅಪ್ಪನ ಬಾಲ್ಯದಲ್ಲಿ ನಮ್ಮ ಜಿಲ್ಲೆಯೇ. ಕನ್ನಡದವರು ಕನ್ನಡದ ರಾಜ್ಯಕ್ಕೆ ಸೇರಿದೆವು, ಅದರ ಸಂತೋಷಕ್ಕೆ ಕಡಿಮೆ ಇಲ್ಲ. ಆದರೆ ಒಂದು ರಾತ್ರಿ ಕಳೆಯುವುದರೊಳಗೆ 140 ಕಿಮೀ ದೂರದಲ್ಲಿದ್ದ ರಾಜಧಾನಿ 700 ಕಿಮೀ ದೂರಕ್ಕೆ ಹೋಯಿತು. ದವಾಖಾನೆಗೆ, ಮದುವೆ ಬಟ್ಟೆಗೆ, ನೌಕರಿಗೆ ನಾವು ಹೈದರಾಬಾದಿಗೆ ಬರುವುದು ನಿಲ್ಲಲಿಲ್ಲ. ಕಾಗದಪತ್ರಕ್ಕೆ ಮಾತ್ರ ಬೆಂಗಳೂರು. ಈ ಎರಡು ಊರುಗಳ ನಡುವೆ ಓಡಾಡಿಯೇ ನಮ್ಮ ಎರಡು ತಲೆಮಾರು ಸವೆದವು.

1963ರಲ್ಲಿ ಬೀದರ್‌ನಲ್ಲಿ ವಾಯುಪಡೆಯ ಪೈಲಟ್ ತರಬೇತಿ ಶುರುವಾಯಿತು. ನನ್ನ ಶಾಲೆಯ ದಿನಗಳಲ್ಲಿ ಬೆಳಗಿನ ಪ್ರಾರ್ಥನೆಗೆ ನಿಂತಾಗಲೇ ತಲೆ ಮೇಲೆ ತರಬೇತಿ ವಿಮಾನಗಳು ಶುರು. ಮಾಸ್ತರರು ಪಾಠ ನಿಲ್ಲಿಸಿ ಸದ್ದು ಹೋಗಲಿ ಅಂತ ಕಾಯುತ್ತಿದ್ದರು, ಸದ್ದು ಹೋದ ಮೇಲೆ ಎಲ್ಲಿಗೆ ನಿಲ್ಲಿಸಿದ್ದೆವು ಅಂತ ನಮ್ಮನ್ನೇ ಕೇಳುತ್ತಿದ್ದರು! 1996ರಲ್ಲಿ ಸೂರ್ಯಕಿರಣ್ ತಂಡ ಕಟ್ಟಿದ್ದೂ ಬೀದರ್‌ನಲ್ಲೇ. ಒಂಬತ್ತು ವಿಮಾನ ಒಂದರ ರೆಕ್ಕೆಗೆ ಒಂದು ಅಂಟಿಕೊಂಡಂತೆ ಹಾರುವುದನ್ನು ದೇಶದ ಬೇರೆ ಊರಿನವರು ಟಿಕೆಟ್ ತೆಗೆದು ನೋಡುತ್ತಾರೆ, ನಮ್ಮೂರಲ್ಲಿ ಹಪ್ಪಳ ಒಣಗಿಸುವ ಹೆಂಗಸರು ಮಾಳಿಗೆ ಮೇಲಿಂದ ನೋಡುತ್ತಿದ್ದರು. ಇಂಥ ಊರಿನವರು ಸ್ವತಃ ವಿಮಾನ ಹತ್ತಬೇಕೆಂದರೆ ಹೈದರಾಬಾದಿನ ಬಸ್ಸು ಹಿಡಿಯಬೇಕಿತ್ತು.

ನಾನು ಬಿ.ಕಾಂ. ಮುಗಿಸಿ ಬ್ಯಾಂಕಿಗೆ ಸೇರಿ, 1994ರಲ್ಲಿ ಹೈದರಾಬಾದಿಗೆ ವರ್ಗವಾಗಿ ಬಂದು ಮೆಹದಿಪಟ್ಟಣಂನಲ್ಲಿ ಬಾಡಿಗೆ ಮನೆ ಹಿಡಿದಾಗ ವಿಮಾನ ಎಂದರೆ ಬೇಗಂಪೇಟೆ. ಊರ ನಡುವೆಯೇ. ಆಟೋದವನು ಒಂದು ಮಾತಿಗೆ ಒಪ್ಪುತ್ತಿದ್ದ. 2008ರ ಮಾರ್ಚ್ 23ಕ್ಕೆ ಬೇಗಂಪೇಟೆಯಿಂದ ಪ್ರಯಾಣಿಕರ ವಿಮಾನಗಳು ನಿಂತು ಶಂಷಾಬಾದಿನಿಂದ ಶುರುವಾದವು. ಆಗ ನಗರದ ಬಹಳ ಜನ ಗೊಣಗಿದರು, ಊರ ಹೊರಗೆ ಒಯ್ದು ಇಟ್ಟರು ಅಂತ. ನಮ್ಮ ಮೆಹದಿಪಟ್ಟಣಂಗೆ ಮಾತ್ರ ಅದೃಷ್ಟ ಖುಲಾಯಿಸಿತು. 2009ರ ಅಕ್ಟೋಬರ್‌ನಲ್ಲಿ ಪಿ.ವಿ. ನರಸಿಂಹರಾವ್ ಎಕ್ಸ್‌ಪ್ರೆಸ್‌ವೇ, ಹನ್ನೊಂದೂವರೆ ಕಿಲೋಮೀಟರ್ ಉದ್ದದ ಮೇಲ್ಸೇತುವೆ, ಇಲ್ಲಿಂದ ಆರಾಂಘರ್‌ವರೆಗೆ ತೆರೆಯಿತು. ಮೆಹದಿಪಟ್ಟಣಂ ಏರ್‌ಪೋರ್ಟಿನ ಹೆಬ್ಬಾಗಿಲಾಯಿತು. ಸೇತುವೆಯ ಕಂಬಗಳಿಗೆ ನಂಬರು ಬರೆದರು, ನಮ್ಮ ಕಡೆಯವರ ವಿಳಾಸಗಳೇ ಬದಲಾದವು, ಮಸೀದಿ ಹಿಂದೆ, ಡೇರಿ ಪಕ್ಕ ಅನ್ನುವುದು ಹೋಗಿ ಪಿಲ್ಲರ್ ನಂಬರ್ ಇಷ್ಟು ಅನ್ನುವುದು ಬಂತು.

ಈಗ ಆ 150ಕ್ಕೆ ಬರುತ್ತೇನೆ.

ಶಂಷಾಬಾದ್ ನಿಲ್ದಾಣ ಕಟ್ಟುವ ಒಪ್ಪಂದಕ್ಕೆ ಸಹಿ ಬಿದ್ದದ್ದು 2004ರ ಡಿಸೆಂಬರ್ 20ರಂದು. ಒಂದು ಕಡೆ ಕೇಂದ್ರ ಸರ್ಕಾರ, ಇನ್ನೊಂದು ಕಡೆ ನಿಲ್ದಾಣದ ಕಂಪನಿ. ಅದರಲ್ಲಿ ಒಂದು ಷರತ್ತು ಇತ್ತು. ತಾತ್ಪರ್ಯ ಇಷ್ಟು: ಈ ನಿಲ್ದಾಣ ತೆರೆದ ದಿನದಿಂದ 25 ವರ್ಷ, ಇದರ ಸುತ್ತ 150 ಕಿಮೀ ವೈಮಾನಿಕ ದೂರದೊಳಗೆ ಇನ್ನೊಂದು ವಿಮಾನ ನಿಲ್ದಾಣ ಬೆಳೆಯಬಾರದು. ರಸ್ತೆಯ ದೂರ ಅಲ್ಲ, ನೇರ ಗೆರೆಯ ದೂರ. ಅದೇ ವರ್ಷ ಬೆಂಗಳೂರಿನ ದೇವನಹಳ್ಳಿಗೂ ಇಂಥದ್ದೇ ಒಪ್ಪಂದ ಆಗಿತ್ತು, ಅಲ್ಲೂ 150, ಅಲ್ಲೂ 25. ಆದರೆ ಅದರಲ್ಲಿ ಮೈಸೂರು, ಹಾಸನ ಎರಡನ್ನು ಹೆಸರು ಹಿಡಿದು ಹೊರಗಿಟ್ಟಿದ್ದರು. ಬೀದರ್‌ಗೆ ಆ ಭಾಗ್ಯ ಬರಲಿಲ್ಲ. ಹೈದರಾಬಾದಿನ ಒಪ್ಪಂದ ಬರೆಯುವ ಮೇಜಿನಲ್ಲಿ ಕರ್ನಾಟಕಕ್ಕೆ ಕುರ್ಚಿಯೇ ಇರಲಿಲ್ಲವಲ್ಲ. 1956ರಲ್ಲಿ ನಾವು ಬಿಟ್ಟು ಬಂದ ರಾಜಧಾನಿಯ ಸುತ್ತ ಎಳೆದ ವೃತ್ತದೊಳಗೆ 2004ರಲ್ಲಿ ಮತ್ತೆ ಹೋಗಿ ಬಿದ್ದೆವು. ಕಲಬುರಗಿ ಏಳೇ ಕಿಲೋಮೀಟರ್ ಅಂತರದಲ್ಲಿ ತಪ್ಪಿಸಿಕೊಂಡಿತು.

ಸಾಲ ಕೊಡುವ ಕೆಲಸ ಮಾಡಿದವನು ನಾನು, ಅದಕ್ಕೆ ಷರತ್ತು ಬರೆದವರ ಕಡೆಯ ಮಾತನ್ನೂ ಹೇಳಬೇಕು. ಸಾವಿರಾರು ಕೋಟಿ ಹಾಕಿ ಬಯಲಿನಲ್ಲಿ ನಿಲ್ದಾಣ ಕಟ್ಟುವವನಿಗೆ ಬ್ಯಾಂಕು ಮೊದಲು ಕೇಳುವ ಪ್ರಶ್ನೆಯೇ ಅದು, ನಾಳೆ ಪಕ್ಕದಲ್ಲೇ ಇನ್ನೊಬ್ಬ ಅಂಗಡಿ ತೆರೆದರೆ ನಿನ್ನ ಕಂತು ಹೇಗೆ ಕಟ್ಟುತ್ತೀ? ಬೇಗಂಪೇಟೆ ತೆರೆದೇ ಇದ್ದಿದ್ದರೆ ಶಂಷಾಬಾದಿಗೆ ಯಾರು ಹೋಗುತ್ತಿದ್ದರು? ಆ ಮಟ್ಟಿಗೆ ಷರತ್ತು ಸರಿಯೇ. ನನ್ನ ತಕರಾರು ಅಳತೆಗೋಲಿನ ಬಗ್ಗೆ. ಬೀದರ್‌ನಿಂದ ಬೆಂಗಳೂರಿಗೆ ಹೋಗುವವನನ್ನು ಹೈದರಾಬಾದಿನ ಗಿರಾಕಿ ಅಂತ ಲೆಕ್ಕ ಹಿಡಿದದ್ದು ಹೇಗೆ? ಅವನು ರಾತ್ರಿ ಬಸ್ಸು, ರೈಲಿನವನು. ಶಂಷಾಬಾದಿಗೆ ಮೂರು ಗಂಟೆ ರಸ್ತೆಯಲ್ಲಿ ಬಂದು ವಿಮಾನ ಹತ್ತುವವರು ಎಷ್ಟು ಜನ ಇದ್ದಾರು? ನೇರ ಗೆರೆಯಲ್ಲಿ ಹಾರುವುದು ಹಕ್ಕಿ, ಮನುಷ್ಯ ಅಲ್ಲ.

ಬೀದರ್‌ನಲ್ಲಿ ರನ್‌ವೇ ಹೊಸದಾಗಿ ಮಾಡಬೇಕಾದ್ದೇ ಇರಲಿಲ್ಲ, ವಾಯುಪಡೆಯದು ಇತ್ತು. ಪ್ರಯಾಣಿಕರಿಗೆ ಒಂದು ಚಿಕ್ಕ ಟರ್ಮಿನಲ್ ಸಾಕಿತ್ತು. ಅದೂ ಕಟ್ಟಿದ್ದಾಯಿತು. ಕಟ್ಟಿದ ಮೇಲೂ ವರ್ಷಗಟ್ಟಲೆ ಬೀಗ. ಪ್ರತಿ ಚುನಾವಣೆಗೆ ಅದರ ಭಾಷಣ. ಅತ್ತ ಕಲಬುರಗಿಯಲ್ಲಿ, ಶ್ರೀನಿವಾಸ ಸರಡಗಿ ಹತ್ತಿರ, 2008ರ ಜೂನ್‌ನಲ್ಲಿ ಅಡಿಗಲ್ಲು ಬಿದ್ದು ಕೆಲಸ ಕುಂಟುತ್ತ ನಡೆದಿತ್ತು. ಒಂದು ಊರಲ್ಲಿ ರನ್‌ವೇ ಇತ್ತು, ಒಪ್ಪಿಗೆ ಇರಲಿಲ್ಲ. ಇನ್ನೊಂದು ಊರಲ್ಲಿ ಷರತ್ತಿನ ಕಾಟ ಇರಲಿಲ್ಲ, ರನ್‌ವೇ ಇರಲಿಲ್ಲ!

2013ರ ಮಳೆಗಾಲದಲ್ಲಿ ಅಪ್ಪ ಹೋದರು. ನಸುಕಿನ ನಾಲ್ಕಕ್ಕೆ ಬೀದರ್‌ನಿಂದ ಫೋನು. ನಾನು ಮತ್ತು ಹೆಂಡತಿ ಅರ್ಧ ಗಂಟೆಯಲ್ಲಿ ಹೊರಟು ಬೆಳಕು ಹರಿದು ಸ್ವಲ್ಪ ಹೊತ್ತಿಗೆ ಮುಟ್ಟಿದೆವು. ತಮ್ಮ ಬೆಂಗಳೂರಿನಲ್ಲಿ. ಅವನು ಸಿಕ್ಕ ವಿಮಾನ ಹಿಡಿದು ಹೈದರಾಬಾದಿಗೆ ಬಂದ, ಹಾರಾಟ ಒಂದು ಗಂಟೆ ಚಿಲ್ಲರೆ. ಹತ್ತೂವರೆಗೆ ಶಂಷಾಬಾದಿನಿಂದ ಹೊರಬಿದ್ದೆ ಅಂತ ಫೋನ್ ಮಾಡಿದ. ಟ್ಯಾಕ್ಸಿ ಸಿಕ್ಕಿತು. ಪಟಾನ್‌ಚೆರು ದಾಟುವ ಹೊತ್ತಿಗೆ ಜೋರು ಮಳೆ, ಮುಂದೆ ಎಲ್ಲೋ ಲಾರಿ ಅಡ್ಡ ಬಿದ್ದು ಹೆದ್ದಾರಿ ನಿಂತುಹೋಯಿತು. ಯಾರನ್ನು ದೂರಬೇಕು? ಮಳೆ ಯಾರದೂ ಅಲ್ಲ.

"ಎಲ್ಲಿದ್ದಿಯೋ?"

"ಸಂಗಾರೆಡ್ಡಿ ಇನ್ನಾ ಬಂದಿಲ್ಲಣ್ಣಾ. ಗಾಡಿ ಹಂದಾಡವಲ್ಲದು."

ಇಲ್ಲಿ ಹೊಲದಲ್ಲಿ ಗುಂಡಿ ತೆಗೆದಾಗಿತ್ತು. ಮಳೆ ಬಂದರೆ ಗುಂಡಿಗೆ ನೀರು. ಹಿರಿಯರು ಒಂದು ಸಲ ಆಕಾಶ ನೋಡಿ, ಒಂದು ಸಲ ನನ್ನ ಮುಖ ನೋಡಿ ಸುಮ್ಮನಾಗುತ್ತಿದ್ದರು. ಎರಡು ಗಂಟೆಗೆ ದೊಡ್ಡಪ್ಪ ಹತ್ತಿರ ಬಂದು, "ಇನ್ನ ತಡ ಮಾಡಬ್ಯಾಡಪ್ಪ, ಮ್ಯಾಲ ಮೋಡ ಕಟ್ಟ್ಯಾದ" ಅಂದರು. ನಾನು ಹೂಂ ಅಂದೆ. ಹೂಂ ಅಂದವನು ನಾನೇ. ತಮ್ಮ ಬಂದಾಗ ಮೂರೂಕಾಲು. ಮಣ್ಣು ಹಾಕಿ ಮುಗಿಸಿ ಎಲ್ಲರೂ ಕೈಕಾಲು ತೊಳೆಯುತ್ತಿದ್ದರು. ಅವನು ಬ್ಯಾಗು ಹೆಗಲಿಗೆ ಹಾಕಿಕೊಂಡೇ ಆ ಹಸಿ ಮಣ್ಣಿನ ಹತ್ತಿರ ಹೋಗಿ ಕೂತ. ನನ್ನನ್ನು ಒಂದು ಮಾತೂ ಕೇಳಲಿಲ್ಲ. ಈವರೆಗೂ ಕೇಳಿಲ್ಲ.

ಅವತ್ತಿನ ದೂರವನ್ನು ಮೊನ್ನೆ ದಾರದಲ್ಲಿ ಅಳೆದೆ. ಬೆಂಗಳೂರಿನ ನಿಲ್ದಾಣದಿಂದ ಶಂಷಾಬಾದಿಗೆ ನೇರ ಗೆರೆಯಲ್ಲಿ 454 ಕಿಮೀ. ಬೆಂಗಳೂರಿನಿಂದ ಬೀದರ್‌ಗೆ 522. ವ್ಯತ್ಯಾಸ 68 ಕಿಲೋಮೀಟರ್. ಹಾರುವ ವಿಮಾನಕ್ಕೆ ಎಂಟು ಹತ್ತು ನಿಮಿಷದ್ದು. ತಮ್ಮನಿಗೆ ರಸ್ತೆಯಲ್ಲಿ ಹಿಡಿದದ್ದು ಐದು ಗಂಟೆಗೆ ಹತ್ತು ಹದಿನೈದು ನಿಮಿಷ ಕಡಿಮೆ. ಅವತ್ತು ಬೀದರ್‌ಗೆ ವಿಮಾನ ಇದ್ದಿದ್ದರೂ ಆ ಹೊತ್ತಿಗೇ ಇರುತ್ತಿತ್ತು, ಆ ಮಳೆಯಲ್ಲಿ ಇಳಿಯುತ್ತಿತ್ತು ಅಂತ ಹೇಳಲಾರೆ. ಲೆಕ್ಕ ಲೆಕ್ಕವೇ, ಅದನ್ನು ಅಳಿಸಲಿಕ್ಕೂ ಆಗುವುದಿಲ್ಲ.

ಮುಂದಿನದು ಬೇಗ ಹೇಳಿಬಿಡುತ್ತೇನೆ. 2017ರ ಏಪ್ರಿಲ್ 27ಕ್ಕೆ ಕೇಂದ್ರದ ಉಡಾನ್ ಯೋಜನೆಯ ಮೊದಲ ವಿಮಾನಗಳು ಹಾರಿದವು, ಶಿಮ್ಲಾ-ದೆಹಲಿ ಒಂದು, ನಮ್ಮ ಹೈದರಾಬಾದಿಗೆ ಕಡಪಾ ಮತ್ತು ನಾಂದೇಡದಿಂದ. ನಾಂದೇಡ ನಮಗಿಂತ ದೂರ, ಅದಕ್ಕೇ ಅದಕ್ಕೆ ವಿಮಾನ! 2019ರ ನವೆಂಬರ್ 22ಕ್ಕೆ ಕಲಬುರಗಿ ನಿಲ್ದಾಣ ತೆರೆಯಿತು, ಮೂರು ಕಿಲೋಮೀಟರ್ ಮೀರಿದ ರನ್‌ವೇ. ಆ ಹೊತ್ತಿಗೆ ಬೀದರ್‌ನ ಗಂಟೂ ಸಡಿಲಿತು. ಬಗೆಹರಿದ ರೀತಿ ಚೆನ್ನಾಗಿದೆ: ಬೀದರ್‌ನ ಟರ್ಮಿನಲ್ ನಡೆಸುವ ಹೊಣೆಯನ್ನು ಶಂಷಾಬಾದಿನ ಜಿಎಂಆರ್ ಕಂಪನಿಯೇ ವಹಿಸಿಕೊಂಡಿತು. ಪಕ್ಕದ ಅಂಗಡಿಯೂ ತನ್ನದೇ ಆದರೆ ಪೈಪೋಟಿಯ ಮಾತೆಲ್ಲಿ? ಬ್ಯಾಂಕಿನವನಾಗಿ ನಾನು ಇದನ್ನು ಮೆಚ್ಚಿದೆ. 2020ರ ಫೆಬ್ರವರಿ 7ರಂದು ಬೆಂಗಳೂರಿನಿಂದ ಟ್ರೂಜೆಟ್‌ನ ಎಟಿಆರ್ ಬಂದು ಬೀದರ್‌ನಲ್ಲಿ ಇಳಿಯಿತು. ಆಗಿನ ಮುಖ್ಯಮಂತ್ರಿ ಯಡಿಯೂರಪ್ಪನವರು ಅದರಲ್ಲೇ ಬಂದರು.

ಮುಂದಿನ ತಿಂಗಳು ತಮ್ಮ ಆ ವಿಮಾನದಲ್ಲಿ ಬಂದ. ಅವ್ವ ಬಾಗಿಲಲ್ಲಿ ನಿಂತು, "ಮುಂಜಾನಿ ಎಲ್ಲಿ ಚಹಾ ಕುಡದಿ?" ಅಂತ ಕೇಳಿದಳು. "ಬೆಂಗಳೂರಾಗವ್ವ" ಅಂದ. ಅವಳು ನಂಬಲಿಲ್ಲ. ಆಮೇಲೆ ಒಳಗೆ ಹೋಗಿ ಅಪ್ಪನ ಫೋಟೋ ಮುಂದೆ ಸ್ವಲ್ಪ ಹೊತ್ತು ನಿಂತಿದ್ದಳು.

ಅದು ಮಾರ್ಚ್ 2020. ತಿಂಗಳ ಕೊನೆಗೆ ಕೋವಿಡ್, ದೇಶದ ಎಲ್ಲ ಪ್ರಯಾಣಿಕರ ವಿಮಾನ ಬಂದ್. ಮುಂದೆ ಟ್ರೂಜೆಟ್ ಕಂಪನಿಯೇ ಹಾರಾಟ ನಿಲ್ಲಿಸಿತು. 2022ರ ಜೂನ್‌ನಲ್ಲಿ ಸ್ಟಾರ್ ಏರ್ ಬಂತು, 2023ರ ಕೊನೆಗೆ ನಿಂತಿತು, ರಾಜ್ಯ ಸರ್ಕಾರ ದುಡ್ಡು ಕೊಡಲು ಒಪ್ಪಿದ ಮೇಲೆ 2025ರ ಏಪ್ರಿಲ್‌ನಲ್ಲಿ ಮತ್ತೆ ಶುರುವಾಯಿತು. ಉಡಾನ್ ಲೆಕ್ಕವೇ ಹಾಗೆ. ಅರ್ಧದಷ್ಟು ಸೀಟು ಕಟ್ಟಿಹಾಕಿದ ದರಕ್ಕೆ, ಕಂಪನಿಗೆ ಬೀಳುವ ಕೊರತೆಯನ್ನು ಸರ್ಕಾರ ಮೂರು ವರ್ಷ ತುಂಬಿಕೊಡುವುದು, ಅಷ್ಟರಲ್ಲಿ ಜನ ರೂಢಿಯಾಗಿ ವಿಮಾನ ತನ್ನ ಕಾಲ ಮೇಲೆ ನಿಲ್ಲಬೇಕು. ಸಾಲಕ್ಕೆ ಮೊರಟೋರಿಯಂ ಕೊಟ್ಟ ಹಾಗೆ. ಆ ಅವಧಿ ಮುಗಿದ ಮೇಲೆ ಎಷ್ಟು ಖಾತೆ ನಿಲ್ಲುತ್ತವೆ, ಎಷ್ಟು ಮಲಗುತ್ತವೆ ಎನ್ನುವುದನ್ನು ನಾನು ನೌಕರಿಯುದ್ದಕ್ಕೂ ನೋಡಿದ್ದೇನೆ. ಷರತ್ತಿನ ಬೇಲಿ ತೆಗೆಯುವುದು ಒಂದು ಕೆಲಸ, ದಿನಾ ಸೀಟು ತುಂಬಿಸುವುದು ಬೇರೆಯೇ ಕೆಲಸ. ನಾವು ಹತ್ತು ವರ್ಷ ಮೊದಲಿನದ್ದಕ್ಕಾಗಿ ಜಗಳಾಡಿ, ಎರಡನೆಯದರ ಬಗ್ಗೆ ಯೋಚನೆಯನ್ನೇ ಮಾಡಿರಲಿಲ್ಲ.

ಅಳಿಯನ ಪ್ರಶ್ನೆಗೆ ಇನ್ನೂ ಪೂರ್ತಿ ಉತ್ತರ ಕೊಟ್ಟಿಲ್ಲ. ಬೀದರ್‌ನಿಂದ ಕಲಬುರಗಿಗೆ ವಿಮಾನದಲ್ಲೇ ಹೋಗುತ್ತೇನೆ ಅಂತ ಯಾರಾದರೂ ಹಟ ಹಿಡಿದರೆ ಬೆಂಗಳೂರಿಗೆ ಹೋಗಿ ತಿರುಗಿ ಬರಬೇಕು. ಹೋಗುವುದು 522, ಬರುವುದು 462, ಒಟ್ಟು 984 ಕಿಮೀ. 87 ಕಿಮೀ ದೂರದ ಊರಿಗೆ! ಅದಕ್ಕೆ ತಕ್ಕ ವಿಮಾನ ಎರಡೂ ಕಡೆಯಿಂದ ಒಂದೇ ದಿನ ಸಿಗಬೇಕು, ಸಿಕ್ಕರೂ ಬೆಳಗಿನಿಂದ ಸಂಜೆ. ಅಷ್ಟರಲ್ಲಿ ನನ್ನ ತಂಗಿ ರೈಲಿನಲ್ಲಿ ತವರಿಗೆ ಬಂದು, ಊಟ ಮಾಡಿ, ಅವ್ವನ ಹತ್ತಿರ ಜಗಳ ಮಾಡಿ, ವಾಪಸ್ ಹೋಗಿರುತ್ತಾಳೆ. ಆ ಬೀದರ್-ಕಲಬುರಗಿ ರೈಲು ಮಾರ್ಗಕ್ಕೂ ನಮ್ಮವರು ಎರಡು ದಶಕ ಕಾದಿದ್ದರು, 2017ರ ಅಕ್ಟೋಬರ್ 29ಕ್ಕೆ ಪ್ರಧಾನಿ ಮೋದಿ ಬೀದರ್‌ನಲ್ಲಿ ಅದನ್ನು ಉದ್ಘಾಟಿಸಿದರು. ವಿಮಾನದ ಗಲಾಟೆಯಲ್ಲಿ ಆ ರೈಲಿನ ಸುದ್ದಿಯನ್ನು ಯಾರೂ ಅಷ್ಟಾಗಿ ಮಾತಾಡುವುದಿಲ್ಲ. ನನ್ನ ಪ್ರಕಾರ ನಮ್ಮ ಎರಡು ಜಿಲ್ಲೆಗಳಿಗೆ ಈಚಿನ ವರ್ಷಗಳಲ್ಲಿ ಬಂದ ದೊಡ್ಡ ಸೌಕರ್ಯ ಅದೇ.

ವರಂಗಲ್ಲಿನ ಮಾತೊಂದು ಉಳಿಯಿತು. 1948ರಲ್ಲಿ ಬೀದರ್ ಜೊತೆ ಬಾಂಬು ತಿಂದ ಅದೇ ಮಾಮ್ನೂರು ಈ 145 ಕಿಮೀ ಲೆಕ್ಕದಲ್ಲಿ ನಮಗಿಂತಲೂ ಹೆಚ್ಚು ಕಾಲ ಕಾಯಿತು. 2024ರ ನವೆಂಬರ್‌ನಲ್ಲಿ ಶಂಷಾಬಾದಿನ ಕಂಪನಿ ಅದರ ಮಟ್ಟಿಗೆ ಷರತ್ತು ಬಿಟ್ಟುಕೊಟ್ಟಿತು, 2025ರ ಫೆಬ್ರವರಿ 28ಕ್ಕೆ ಕೇಂದ್ರದ ಒಪ್ಪಿಗೆ ಬಂತು. ನಮ್ಮ ಬ್ಯಾಂಕಿನಲ್ಲಿ ವರಂಗಲ್ಲಿನ ಗೆಳೆಯರೊಬ್ಬರಿದ್ದಾರೆ. ಆ ದಿನ ಸಿಹಿ ಹಂಚಿದರು. ನನಗೂ ಒಂದು ಕೊಟ್ಟು, "ನಿಮ್ಮ ಬೀದರ್‌ದು ಹೇಗೆ ನಡೆದಿದೆ?" ಅಂತ ತೆಲುಗಿನಲ್ಲಿ ಕೇಳಿದರು.

"ರನ್‌ವೇ ಚಿಂತೆ ಬಿಡಿ. ಮೂರು ವರ್ಷ ಆದ ಮೇಲೆ ದಿನಾ ಎಷ್ಟು ಜನ ಹತ್ತುತ್ತಾರೆ ಅಂತ ಈಗಲೇ ಲೆಕ್ಕ ಹಾಕಿ ಇಟ್ಟುಕೊಳ್ಳಿ" ಅಂದೆ. ಅವರಿಗೆ ಸ್ವಲ್ಪ ಬೇಸರವಾಯಿತು ಅಂತ ಕಾಣುತ್ತದೆ. ಸಿಹಿ ತಿನ್ನುತ್ತಾ ಹೇಳುವ ಮಾತಲ್ಲ ಅದು, ಒಪ್ಪುತ್ತೇನೆ.